1983ರ ಓಟು, 1987ರ ಕುರ್ಚಿ

ನಮ್ಮ ಮಹಿಳಾ ವೇದಿಕೆಯ ಇ-ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಗೆಳತಿಯರು ಕೇಳಿದಾಗ, ಈ ಸಲ ಒಂದು ಹಳೆಯ ಚುನಾವಣೆಯ ಬಗ್ಗೆ ಬರೆಯುತ್ತೇನೆ ಎಂದೆ. "ಅಯ್ಯೋ, ರಾಜಕೀಯ ಬೇಡ ಕಣ್ರೀ, ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾಗುತ್ತೆ" ಎಂಬ ಉತ್ತರ ಬಂತು. ಅವರ ಆತಂಕ ಸುಳ್ಳಲ್ಲ. ಆದರೆ ನಾನು ಹೇಳಹೊರಟಿರುವುದು ನಲವತ್ತು ವರ್ಷಕ್ಕೂ ಹಿಂದಿನ, ನಾನಿನ್ನೂ ಹುಟ್ಟದೇ ಇದ್ದಾಗಿನ ಚುನಾವಣೆ. ಅದರಲ್ಲಿ ಗೆದ್ದ, ಸೋತ ದೊಡ್ಡ ನಾಯಕರಲ್ಲಿ ಹೆಚ್ಚಿನವರು ಇಂದು ನಮ್ಮೊಂದಿಗಿಲ್ಲ. ಹಾಗಾಗಿ ಯಾರ ಪರವಾಗಿಯೂ ಇಲ್ಲಿ ಪ್ರಚಾರ ಮಾಡುವ ಭಯವಿಲ್ಲ. ನಾನು ಓದಿದ್ದು ಎಂಟೆಕ್, ಹೊಟ್ಟೆಪಾಡಿಗೆ ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ. ಆದರೂ ಡೊಂಬಿವಲಿಯ ನಮ್ಮ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ನಗರಸೇವಿಕೆಯಾಗಿ ನಿಲ್ಲಲು ಸಾಧ್ಯವಾದದ್ದು ಹೇಗೆ ಎಂದು ಹುಡುಕುತ್ತಾ ಹೋದವಳು ಬಂದು ನಿಂತದ್ದು ಕರ್ನಾಟಕದ 1983ರ ಜನವರಿಯಲ್ಲಿ. ಆ ದಾರಿಯನ್ನು ನಿಮಗೂ ತೋರಿಸೋಣ ಎಂದು ಈ ಬರಹ.

1983ರ ಜನವರಿ 5ರಂದು ಕರ್ನಾಟಕ ವಿಧಾನಸಭೆಗೆ ಮತದಾನ ನಡೆಯಿತು. ಒಟ್ಟು 224 ಸ್ಥಾನ. ಫಲಿತಾಂಶ ಬಂದಾಗ ಜನತಾ ಪಕ್ಷಕ್ಕೆ 95, ಇಂದಿರಾ ಕಾಂಗ್ರೆಸ್ಸಿಗೆ 82, ಆಗಷ್ಟೇ ಮೂರು ವರ್ಷ ತುಂಬುತ್ತಿದ್ದ ಭಾರತೀಯ ಜನತಾ ಪಕ್ಷಕ್ಕೆ 18. ಸ್ವಾತಂತ್ರ್ಯ ಬಂದಂದಿನಿಂದ, ಮೈಸೂರು ರಾಜ್ಯವಾಗಿದ್ದ ಕಾಲವನ್ನೂ ಸೇರಿಸಿ, ಒಂದಲ್ಲ ಒಂದು ಹೆಸರಿನ ಕಾಂಗ್ರೆಸ್ಸೇ ಆಳಿದ್ದ ನಾಡಿನಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಜನವರಿ 10ರಂದು ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ವಿಶೇಷವೆಂದರೆ ಅವರು ಆ ಚುನಾವಣೆಗೆ ನಿಂತಿರಲೇ ಇಲ್ಲ. ಆಮೇಲೆ ಪಿ.ಜಿ.ಆರ್. ಸಿಂಧ್ಯ ತಮ್ಮ ಕನಕಪುರ ಕ್ಷೇತ್ರವನ್ನು ಬಿಟ್ಟುಕೊಟ್ಟು, ಅಲ್ಲಿಂದ ಉಪಚುನಾವಣೆಯಲ್ಲಿ ಹೆಗಡೆ ಗೆದ್ದು ಬಂದರು.

ಅದೇ ಜನವರಿಯಲ್ಲಿ ಪಕ್ಕದ ಆಂಧ್ರದಲ್ಲೂ ಇದೇ ಕಥೆ. 1982ರ ಮಾರ್ಚಿನಲ್ಲಿ ಪಕ್ಷ ಕಟ್ಟಿದ್ದ ಚಿತ್ರನಟ ಎನ್.ಟಿ. ರಾಮರಾವ್ ಒಂಬತ್ತೇ ತಿಂಗಳಲ್ಲಿ 294ರ ಪೈಕಿ 200ಕ್ಕೂ ಹೆಚ್ಚು ಸ್ಥಾನ ಗೆದ್ದರು. 1977ರಲ್ಲಿ ಇಡೀ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗಲೂ ಅಲುಗದ ಎರಡು ಕೋಟೆಗಳು ಇವು. ಮರುವರ್ಷ ಇಂದಿರಾ ಲೋಕಸಭೆಗೆ ಮರಳಿದ್ದೂ ನಮ್ಮ ಚಿಕ್ಕಮಗಳೂರಿನಿಂದ.

ನಮ್ಮ ಸಂಘದ ಹಿರಿಯರೊಬ್ಬರು ಆಗ ಡೊಂಬಿವಲಿಯಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ಇನ್ನಿಬ್ಬರು ಹುಡುಗರ ಜೊತೆ ಇದ್ದರಂತೆ. ರಾತ್ರಿ ರೇಡಿಯೋದಲ್ಲಿ ಧಾರವಾಡ ಕೇಂದ್ರ ಕೊರಕೊರ ಎನ್ನುತ್ತ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಊರಿನಿಂದ ಬರುವ ಕಾಗದಕ್ಕೆ ಕಾಯಬೇಕು. "ಗುಂಡೂರಾಯರೇ ಸೋತರಂತೆ ಅಂದಾಗ ನಂಬಲಿಲ್ಲ, ಇನ್ನೊಮ್ಮೆ ವಾರ್ತೆ ಕೇಳಿಯೇ ನಂಬಿದ್ದು" ಎನ್ನುತ್ತಾರೆ ಅವರು. ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ತಮ್ಮ ಸೋಮವಾರಪೇಟೆ ಕ್ಷೇತ್ರದಲ್ಲೇ ಬಿ.ಎ. ಜೀವಿಜಯ ಅವರೆದುರು ಸೋತಿದ್ದರು.

ಇಲ್ಲಿ ಒಂದು ಹೋಲಿಕೆ ನನಗೆ ಬಹಳ ಕುತೂಹಲದ್ದು ಎನಿಸಿತು. ಅದೇ ಸಮಯದಲ್ಲಿ ನಾವಿರುವ ಮಹಾರಾಷ್ಟ್ರದಲ್ಲಿ ಏನು ನಡೆಯುತ್ತಿತ್ತು? 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಂಬಯಿ ಬಟ್ಟೆ ಗಿರಣಿಗಳ ಮುಷ್ಕರಕ್ಕೆ ಒಂದು ವರ್ಷ ತುಂಬಿತ್ತು. ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ಮನೆಯ ಒಲೆ ತಣ್ಣಗಾಗುತ್ತಿತ್ತು. ಆದರೂ ಇಲ್ಲಿನ ಮುಖ್ಯಮಂತ್ರಿ ಬದಲಾದದ್ದು ಜನರ ಮತದಿಂದಲ್ಲ, ದೆಹಲಿಯ ಇಶಾರೆಯಿಂದ. 1982ರ ಜನವರಿಯಲ್ಲಿ ಅಂತುಳೆ ಹೋಗಿ ಬಾಬಾಸಾಹೇಬ್ ಭೋಸಲೆ ಬಂದರು. 1983ರ ಫೆಬ್ರವರಿ ಆರಂಭದಲ್ಲಿ ಭೋಸಲೆ ಹೋಗಿ ವಸಂತದಾದಾ ಪಾಟೀಲ್ ಬಂದರು. ಆಂಧ್ರದಲ್ಲಂತೂ ಐದು ವರ್ಷದಲ್ಲಿ ನಾಲ್ವರು ಮುಖ್ಯಮಂತ್ರಿಗಳು. ಮುಖ್ಯಮಂತ್ರಿಯನ್ನು ಮೇಲಿನಿಂದ ಕಳಿಸುವ ಆ ಪದ್ಧತಿಗೆ ಬೇಸತ್ತು ಮತದಾರರು ಉತ್ತರ ಕೊಟ್ಟದ್ದು ಎರಡು ರಾಜ್ಯಗಳಲ್ಲಿ ಮಾತ್ರ. ಮಹಾರಾಷ್ಟ್ರ ಅದಕ್ಕೆ 1995ರವರೆಗೆ ಕಾದಿತು.

ಕರ್ನಾಟಕದ ಜನ ಯಾಕೆ ಸಿಟ್ಟಾದರು? 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರ ಪೈಕಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋಗಿತ್ತು. ಅದನ್ನು ಕಂಡ ಕೂಡಲೇ ದೇವರಾಜ ಅರಸರ ಕಡೆಯ ಶಾಸಕರು ರಾತ್ರೋರಾತ್ರಿ ಪಕ್ಷ ಬದಲಿಸಿದರು, ಅರಸು ಇಳಿದು ಗುಂಡೂರಾವ್ ಏರಿದರು. ಅಂಥ ಬಲದಲ್ಲಿದ್ದ ಸರ್ಕಾರ ಮೂರೇ ವರ್ಷದಲ್ಲಿ ಮಣ್ಣುಮುಕ್ಕಿತು.

ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇತ್ತು. ನಮ್ಮ ಅತ್ತೆಯವರ ತವರು ನವಲಗುಂದ ತಾಲೂಕಿನ ಒಂದು ಹಳ್ಳಿ. ಎರೆಭೂಮಿ, ಹತ್ತಿ-ಜೋಳದ ಸೀಮೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಅಣೆಕಟ್ಟು ಕಟ್ಟಿ, ಕಾಲುವೆ ತೋಡಿ, ನಿಮ್ಮ ಜಮೀನಿನ ಬೆಲೆ ಹೆಚ್ಚಿದೆ, ಅದಕ್ಕೆ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ರೈತರಿಗೆ ನೋಟೀಸು ಕಳಿಸಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. "ಹೊಲಕ್ಕ ನೀರು ಬಂದಿರಲಿಲ್ಲ, ಕರದ ನೋಟೀಸು ಮಾತ್ರ ಬಂದಿತ್ತವಾ. ಯಾರು ಸುಮ್ನಿರ್ತಾರ?" ಎನ್ನುತ್ತಾರೆ ಅತ್ತೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗಲಭೆಯಾಗಿ ಗೋಲಿಬಾರ್ ನಡೆಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ಇಂದಿಗೂ ಆ ದಿನವನ್ನು ರೈತ ಹುತಾತ್ಮ ದಿನ ಎಂದು ಅಲ್ಲಿ ಆಚರಿಸುತ್ತಾರೆ. ಆ ಬೆಂಕಿಯಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು, ಹಸಿರು ಶಾಲು ಬಂತು, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಹೆಸರು ಹಳ್ಳಿಹಳ್ಳಿಗೂ ತಿಳಿಯಿತು.

ಬೆಂಗಳೂರಿನಲ್ಲಿ ಬೇರೆ ಸಿಟ್ಟು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮುಂತಾದ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980ರ ಕೊನೆಯಿಂದ 77 ದಿನ ಮುಷ್ಕರ ಹೂಡಿದರು. ಆಮೇಲೆ ಭಾಷೆಯ ಸಿಟ್ಟು. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕು ಎಂದು ವರದಿ ಕೊಟ್ಟಿತು. ಸರ್ಕಾರ ಹಿಂದೆಮುಂದೆ ನೋಡಿತು. 1982ರಲ್ಲಿ ಡಾ. ರಾಜಕುಮಾರ್ ಚಳವಳಿಗೆ ಇಳಿದರು. ಮುಂದಿನದು ನಿಮಗೆಲ್ಲ ಗೊತ್ತು. ನಮ್ಮ ಸಂಘದ ರಾಜ್ಯೋತ್ಸವ ಭಾಷಣಗಳಲ್ಲಿ ಗೋಕಾಕ್ ಚಳವಳಿ ಬಾರದ ವರ್ಷವಿಲ್ಲ. ಈ ಎಲ್ಲದರ ಮೇಲೆ ಪಿ. ಲಂಕೇಶರ ಹೊಸ ವಾರಪತ್ರಿಕೆ ಬೇರೆ. 1980ರಲ್ಲಿ ಶುರುವಾದ ಅದು ಮುಖ್ಯಮಂತ್ರಿಯವರನ್ನು 'ಗುಂ' ಎಂದೇ ಕರೆಯುತ್ತಿತ್ತು. ಮುಖ್ಯಮಂತ್ರಿಯ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ನಗುವ ಧೈರ್ಯ ಜನರಿಗೆ ಬಂದಮೇಲೆ ಅಧಿಕಾರದ ಅರ್ಧ ಭಯ ಹೋದಂತೆಯೇ.

ಅರಸು ಸುಮ್ಮನಿರಲಿಲ್ಲ. ಕರ್ನಾಟಕ ಕ್ರಾಂತಿರಂಗ ಕಟ್ಟಿದರು. ಆದರೆ 1982ರ ಜೂನ್ 6ರಂದು ತೀರಿಕೊಂಡರು. ಅವರ ಕ್ರಾಂತಿರಂಗ ಎಸ್. ಬಂಗಾರಪ್ಪನವರ ಮುಂದಾಳತ್ವದಲ್ಲಿ ಜನತಾ ಪಕ್ಷದೊಂದಿಗೆ ಕೈಜೋಡಿಸಿತು. ಚಕ್ರದೊಳಗೆ ನೇಗಿಲು ಹೊತ್ತ ರೈತ, ಅದು ಜನತಾ ಪಕ್ಷದ ಗುರುತು. ನವಲಗುಂದದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಗೆದ್ದ ಮೇಲೆ ಬಂಗಾರಪ್ಪ, ದೇವೇಗೌಡ, ಬೊಮ್ಮಾಯಿ ಎಂಬ ಹಲವು ಹೆಸರುಗಳ ನಡುವೆ ಹೆಗಡೆಯವರ ಹೆಸರಿಗೆ ಒಪ್ಪಿಗೆಯಾಯಿತು. ಬಹುಮತಕ್ಕೆ 113 ಬೇಕು, ಇದ್ದದ್ದು 95. ಒಂದು ಕಡೆಯಿಂದ ಬಿಜೆಪಿ, ಇನ್ನೊಂದು ಕಡೆಯಿಂದ ಕಮ್ಯುನಿಸ್ಟರು ಹೊರಗಿನಿಂದ ಬೆಂಬಲ ಕೊಟ್ಟರು. ಇಂದು ಇದನ್ನು ಹೇಳಿದರೆ ನಮ್ಮ ಕಚೇರಿಯ ಹುಡುಗರು ನಗುತ್ತಾರೆ.

ಈ ಕಾರಣಗಳ ಪಟ್ಟಿಯನ್ನು ಗಮನಿಸಿ ನೋಡಿ: ರೈತನ ಕರ, ಕಾರ್ಮಿಕನ ಸಂಬಳ, ಕನ್ನಡದ ಅಂಕ, ದೆಹಲಿಯ ದರ್ಪ. ಎಲ್ಲಿಯೂ ಹೆಂಗಸರ ವಿಷಯವಿಲ್ಲ. ಪಂಚಾಯತಿಯಲ್ಲಿ ಹೆಣ್ಣಿಗೆ ಜಾಗ ಬೇಕು ಎಂದು ಆ ಚುನಾವಣೆಯಲ್ಲಿ ಯಾರೂ ಓಟು ಹಾಕಲಿಲ್ಲ, ನಮ್ಮ ಅತ್ತೆಯೂ ಹಾಕಲಿಲ್ಲ. "ನಾವು ಹಾಕಿದ್ದು ಸಿಟ್ಟಿಗೆ" ಎನ್ನುತ್ತಾರೆ ಅವರು ನೇರವಾಗಿ. ಆದರೆ ಆ ಸಿಟ್ಟಿನ ಸರ್ಕಾರ ಮಾಡಿದ ಕೆಲಸಗಳಲ್ಲಿ ಹೆಚ್ಚು ಕಾಲ ಉಳಿದದ್ದು ಯಾವುದು ಎಂದರೆ ನನ್ನ ಪ್ರಕಾರ ಇದೇ.

ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ. ಅರಸರ ಬಳಗದವರು, ಕ್ರಾಂತಿರಂಗದಿಂದ ಬಂದವರು. ಬರಗಾಲದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಪ್ರೀತಿಯಿಂದ 'ನೀರ್ ಸಾಬ್' ಎಂದರು. ಆದರೆ ಅವರ ದೊಡ್ಡ ಕೆಲಸ ಕಾಗದದ ಮೇಲಿನದು: 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾನೂನು. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಹೇಳಿದ್ದ ಮಂಡಲದ ಕಲ್ಪನೆಯನ್ನು ಎತ್ತಿಕೊಂಡು, ಹತ್ತು ಸಾವಿರದ ಆಸುಪಾಸಿನ ಜನಸಂಖ್ಯೆಗೆ ಒಂದು ಮಂಡಲ ಪಂಚಾಯತಿ, ಅದರ ಮೇಲೆ ಜಿಲ್ಲಾ ಪರಿಷತ್ತು ಎಂದು ರೂಪಿಸಿದರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಜಿಲ್ಲೆಯಲ್ಲಿ ಡಿಸಿ ಸಾಹೇಬರೇ ದೇವರು ಎಂದುಕೊಂಡಿದ್ದ ಆಡಳಿತಕ್ಕೆ ಇದು ದೊಡ್ಡ ಪೆಟ್ಟು. ಶಾಸಕರಿಗೂ ಒಳಗೊಳಗೇ ಇಷ್ಟವಿರಲಿಲ್ಲ. ತಮ್ಮ ಕೈಯಲ್ಲಿದ್ದ ಶಾಲೆ, ರಸ್ತೆ, ಆಸ್ಪತ್ರೆಗಳ ಅಧಿಕಾರ ಬೇರೆಯವರಿಗೆ ಹೋದರೆ ಯಾರಿಗೆ ತಾನೇ ಇಷ್ಟ?

ಅದೇ ಕಾನೂನಿನೊಳಗೆ ಒಂದು ಸಾಲು: ಶೇಕಡಾ 25 ಸ್ಥಾನಗಳು ಮಹಿಳೆಯರಿಗೆ.

ಇದು ಎಷ್ಟು ಹೊಸದು ಎಂದು ಇಂದು ನಮಗೆ ತಿಳಿಯುವುದು ಕಷ್ಟ. 1957ರ ಬಲವಂತರಾಯ್ ಮೆಹ್ತಾ ಸಮಿತಿ, ಪಂಚಾಯತಿ ವ್ಯವಸ್ಥೆಯ ತಾಯಿಬೇರು ಎನ್ನುತ್ತಾರಲ್ಲ, ಅದು ಹೇಳಿದ್ದು ಮಹಿಳೆಯರ, ಮಕ್ಕಳ ಕೆಲಸದಲ್ಲಿ ಆಸಕ್ತಿಯಿರುವ ಇಬ್ಬರು ಹೆಂಗಸರನ್ನು ಸೇರಿಸಿಕೊಳ್ಳಿ ಎಂದು ಮಾತ್ರ. ಸೇರಿಸಿಕೊಳ್ಳುವುದು ಎಂದರೆ ಯಾರದೋ ಮರ್ಜಿ. ಕರ್ನಾಟಕ ವಿಧಾನಸಭೆಗೆ 1972ರಿಂದ 1978ರವರೆಗೆ ಕೆ.ಎಸ್. ನಾಗರತ್ನಮ್ಮನವರಂಥ ಮಹಿಳೆ ಸಭಾಧ್ಯಕ್ಷರಾಗಿದ್ದರು ನಿಜ, ಅವರೂ ಗುಂಡ್ಲುಪೇಟೆಯವರೇ. ಆದರೆ ಒಬ್ಬ ಅಸಾಮಾನ್ಯ ಹೆಣ್ಣುಮಗಳು ಮೇಲೇರುವುದು ಬೇರೆ, ಪ್ರತಿ ನಾಲ್ಕು ಕುರ್ಚಿಗೆ ಒಂದರಲ್ಲಿ ಹೆಣ್ಣೇ ಕೂರಬೇಕು ಎಂದು ಕಾನೂನು ಹೇಳುವುದು ಬೇರೆ. ಎರಡನೆಯದಕ್ಕೆ ಅಸಾಮಾನ್ಯರು ಬೇಕಿಲ್ಲ. ಸಾಮಾನ್ಯರೇ ಸಾಕು.

ಮಸೂದೆ 1983ರದ್ದು, ರಾಷ್ಟ್ರಪತಿಗಳ ಅಂಕಿತ ಸಿಕ್ಕಿ ಜಾರಿಗೆ ಬಂದದ್ದು 1985ರಲ್ಲಿ. ಅಷ್ಟರೊಳಗೆ ಸರ್ಕಾರವೇ ಒಂದು ಸುತ್ತು ಹೊಡೆದು ಬಂದಿತ್ತು. ಇಂದಿರಾ ಹತ್ಯೆಯ ನಂತರದ 1984ರ ಲೋಕಸಭೆಯಲ್ಲಿ ಕರ್ನಾಟಕದ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದಾಗ, ಜನಾದೇಶ ಕಳೆದುಕೊಂಡೆ ಎಂದು ಹೆಗಡೆ ರಾಜೀನಾಮೆ ಕೊಟ್ಟರು. ವಿಧಾನಸಭೆ ವಿಸರ್ಜನೆಯಾಗಿ, 1985ರ ಮಾರ್ಚಿನಲ್ಲಿ ಮತ್ತೆ ಚುನಾವಣೆ. ಮೂರೇ ತಿಂಗಳಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಬೇರೆಬೇರೆ ಲೆಕ್ಕ ಹಾಕುವ ಕನ್ನಡಿಗರ ಈ ಜಾಣತನವನ್ನು ರಾಜಕೀಯ ಪಂಡಿತರು ಇಂದಿಗೂ ಉದಾಹರಿಸುತ್ತಾರೆ.

ಇದು ಹೆಗಡೆ ಸ್ತುತಿಯಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ 1986ರಲ್ಲಿ ಹೈಕೋರ್ಟ್ ಕಟುವಾಗಿ ಟೀಕಿಸಿತು. ಹೆಗಡೆ ರಾಜೀನಾಮೆ ಕೊಟ್ಟು, ಮೂರು ದಿನದಲ್ಲಿ ವಾಪಸು ಪಡೆದರು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಪ್ರಕರಣದಲ್ಲಿ ಇಳಿಯಲೇಬೇಕಾಯಿತು. ಮೌಲ್ಯಾಧಾರಿತ ರಾಜಕಾರಣ ಎಂಬ ಅವರ ಮಾತಿಗೆ ಆಮೇಲೆ ಜನ ನಗುವಂತಾಯಿತು.

1987ರ ಜನವರಿಯಲ್ಲಿ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆಯಿತು. ಸುಮಾರು 14 ಸಾವಿರ ಮಹಿಳೆಯರು ಆರಿಸಿ ಬಂದರು. ಈ ಸಂಖ್ಯೆಯನ್ನು ಮೊದಲು ಓದಿದಾಗ ನಾನು ಒಂದು ಕ್ಷಣ ಸುಮ್ಮನೆ ಕೂತೆ. ದಿನವೂ ಅಂಕಿಗಳ ಜೊತೆ ಕೆಲಸ ಮಾಡುವವಳಿಗೆ 14 ಸಾವಿರ ದೊಡ್ಡದಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಯಾವ ಸಭೆಯಲ್ಲೂ ಕುರ್ಚಿಯ ಮೇಲೆ ಕೂತವರಲ್ಲ.

ಆ ಸಾವಿರಾರು ಮಂದಿಯಲ್ಲಿ ಒಬ್ಬರು ನಮ್ಮ ಅತ್ತೆಯವರ ದೊಡ್ಡವ್ವ. ಮಹಿಳಾ ಮೀಸಲಿಗೆ ಹೆಸರು ಬೇಕು ಎಂದು ಊರ ಹಿರಿಯರು ಮನೆಗೆ ಬಂದಾಗ, ಅವರ ಮೈದುನ ಅವರನ್ನು ಕೇಳದೆಯೇ ಅವರ ಹೆಸರು ಹೇಳಿ ಕಳಿಸಿದರಂತೆ. ಓದು ಬರಹವಿಲ್ಲ, ಹೆಬ್ಬಟ್ಟು. ಮೊದಲ ಎರಡು ಸಭೆಗಳಲ್ಲಿ ಬಾಗಿಲ ಹತ್ತಿರ ಜಮಖಾನೆಯ ಮೇಲೆ ಸೆರಗು ಹೊದ್ದು ಕೂತು ಬಂದರು. ಚಹಾ ಬಂತು, ಕುಡಿದರು. ಮೂರನೆಯ ಸಭೆಯಲ್ಲಿ ಬಾಯಿ ಬಿಟ್ಟರು.

ಅವರು ಕೇಳಿದ್ದು ಕೆರೆಯ ವಿಷಯ. ನವಲಗುಂದದ ಕಡೆ ಬೋರು ಕೊರೆದರೆ ಬರುವುದು ಸವಳು ನೀರು. ನೀರ್ ಸಾಬರ ಕೊಳವೆಬಾವಿ ಬೇರೆ ಕಡೆ ವರ, ಅಲ್ಲಿ ಅಷ್ಟಾಗಿ ಉಪಯೋಗವಿಲ್ಲ. ಕುಡಿಯುವುದಕ್ಕೆ ಊರ ಕೆರೆಯೇ ಗತಿ, ಅದಕ್ಕೆ ಮಲಪ್ರಭಾ ಕಾಲುವೆಯಿಂದ ನೀರು ತುಂಬಿಸಬೇಕು. ಹೌದು, 1980ರಲ್ಲಿ ಜೀವ ತೆಗೆದ ಅದೇ ಕಾಲುವೆ. "ಕುಡಿಯೂ ನೀರಿನ ಕೆರ್ಯಾಗ ಎಮ್ಮಿ ಇಳಿತಾವ. ರಸ್ತೆ ಆಮ್ಯಾಲ ಮಾಡ್ರಿ, ಮೊದಲ ಕೆರಿಗೆ ಬೇಲಿ ಹಾಕ್ರಿ" ಎಂದರಂತೆ. ಇವತ್ತಿನ ವಿಷಯಪಟ್ಟಿಯಲ್ಲಿ ಅದು ಇಲ್ಲವಲ್ಲ ಎಂದು ಉತ್ತರ ಬಂತು. "ಹಂಗಾರ ನಾ ಹೆಬ್ಬಟ್ಟು ಒತ್ತೂದಿಲ್ಲ" ಎಂದು ಎದ್ದು ಬಂದರು. ಬೇಲಿ ಬರಲು ಒಂದು ವರ್ಷದ ಮೇಲೆ ಹಿಡಿಯಿತು, ಕಾವಲಿಗೆ ಒಬ್ಬ ಆಳನ್ನೂ ಇಟ್ಟರು. ಎಮ್ಮೆ ಕಟ್ಟಿಕೊಂಡಿದ್ದ ನೆಂಟರು ಆರು ತಿಂಗಳು ಮಾತು ಬಿಟ್ಟರು. ಇವರು ಅದಕ್ಕೆ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಎಸ್ತರ್ ಡುಫ್ಲೋ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನ. ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಮಹಿಳಾ ಮೀಸಲು ಬಂದ ಪಂಚಾಯತಿಗಳನ್ನೂ ಬಾರದವನ್ನೂ ಹೋಲಿಸಿ ನೋಡಿದರು. ಯಾವ ಪಂಚಾಯತಿಗೆ ಮೀಸಲು ಎನ್ನುವುದು ಸರದಿಯ ಪ್ರಕಾರ, ಹೆಚ್ಚುಕಡಿಮೆ ಚೀಟಿ ಎತ್ತಿದಂತೆ ನಿರ್ಧಾರವಾಗುವುದರಿಂದ ಹೋಲಿಕೆಗೆ ಮೋಸವಿಲ್ಲ. ಮಹಿಳೆ ಅಧ್ಯಕ್ಷೆಯಾದ ಕಡೆ ಕುಡಿಯುವ ನೀರಿನ ಮೇಲೆ ಹೆಚ್ಚು ಖರ್ಚಾಗಿತ್ತು. ನೀರು ಹೊರುವವರು ಯಾರೋ ಅವರಿಗೆ ಅದು ಮೊದಲು ಕಾಣುತ್ತದೆ, ಅಷ್ಟೇ. ಡುಫ್ಲೋ ಅವರಿಗೆ ಮುಂದೆ ನೊಬೆಲ್ ಬಂತು. ದೊಡ್ಡವ್ವನಿಗೆ ಮುಂದಿನ ಚುನಾವಣೆಯೂ ಬರಲಿಲ್ಲ.

ಯಾಕೆಂದರೆ 1989ರಲ್ಲಿ ಮತ್ತೆ ಅಧಿಕಾರ ಬದಲಾಯಿತು. ಕಾಂಗ್ರೆಸ್ಸಿಗೆ 178, ಜನತಾದಳಕ್ಕೆ ಬರೇ 24. ನಜೀರ್ ಸಾಬ್ 1988ರಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮಂಡಲಗಳ ಐದು ವರ್ಷದ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಮತದಿಂದ ಬಂದದ್ದು ಮತದಿಂದಲೇ ಹೋಯಿತು ಎನ್ನಬಹುದಿತ್ತು. ಆದರೆ ಅಷ್ಟರಲ್ಲಿ ಆ ಸಾಲು ಗಡಿ ದಾಟಿತ್ತು.

ಇಲ್ಲಿಂದ ಕಥೆ ನಮ್ಮ ಮಹಾರಾಷ್ಟ್ರಕ್ಕೆ ಬರುತ್ತದೆ. ಇಲ್ಲೂ ನೆಲ ಹದವಾಗಿತ್ತು. 1986ರಲ್ಲಿ ನಾಸಿಕ್ ಜಿಲ್ಲೆಯ ಚಾಂದವಡದಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆ ರೈತ ಮಹಿಳೆಯರ ದೊಡ್ಡ ಸಮಾವೇಶ ನಡೆಸಿತು. ಅದರ ಬೆನ್ನಿಗೆ ಕೆಲವು ಹಳ್ಳಿಗಳಲ್ಲಿ ಪೂರ್ತಿ ಹೆಂಗಸರದೇ ಪ್ಯಾನೆಲ್ ನಿಂತು ಗ್ರಾಮಪಂಚಾಯತಿ ಗೆದ್ದದ್ದೂ ಉಂಟು. ಜೊತೆಗೆ ಕರ್ನಾಟಕದಲ್ಲಿ ಕಾನೂನೇ ಬಂದು, ಸಾವಿರಾರು ಮಂದಿ ಗೆದ್ದು, ಆಕಾಶ ಕಳಚಿಬೀಳಲಿಲ್ಲ ಎಂಬ ಉದಾಹರಣೆ ಕಣ್ಣೆದುರಿಗಿತ್ತು. ರಾಜೀವ್ ಗಾಂಧಿ ಸರ್ಕಾರ 64ನೇ ತಿದ್ದುಪಡಿಯಲ್ಲಿ ಮಹಿಳೆಯರಿಗೆ ಶೇಕಡಾ 30 ಎಂದು ತಂದದ್ದು 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಆದರೆ ಶರದ್ ಪವಾರ್ ಮುಖ್ಯಮಂತ್ರಿಯಾಗಿದ್ದ ಮಹಾರಾಷ್ಟ್ರ 1990ರಲ್ಲೇ ಸ್ಥಳೀಯ ಸಂಸ್ಥೆಗಳಲ್ಲಿ ಶೇಕಡಾ 30 ಜಾರಿ ಮಾಡಿತು. ಕೊನೆಗೆ 1992ರ ಡಿಸೆಂಬರಿನಲ್ಲಿ ಸಂಸತ್ತು 73 ಮತ್ತು 74ನೇ ತಿದ್ದುಪಡಿಗಳನ್ನು ಒಪ್ಪಿತು. ಹಳ್ಳಿ, ಪಟ್ಟಣ ಎರಡರಲ್ಲೂ ಮೂರನೇ ಒಂದು ಭಾಗ ಮಹಿಳೆಯರಿಗೆ, ಅಧ್ಯಕ್ಷ ಸ್ಥಾನಗಳಲ್ಲೂ ಮೀಸಲು, ಅವಧಿ ಮುಗಿಯುವುದರೊಳಗೆ ಚುನಾವಣೆ ಕಡ್ಡಾಯ. ಇವತ್ತು ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಅದು ಅರ್ಧಕ್ಕೇರಿದೆ.

ಒಂದು ಅಡ್ಡಮಾತು. ಅದೇ 1983ರ ಜನವರಿಯಲ್ಲಿ ಗೆದ್ದ ಇನ್ನೊಂದು ಸರ್ಕಾರ, ಎನ್.ಟಿ.ಆರ್. ಅವರದು, 1986ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ಕಾನೂನು ತಂದಿತು. ತಮಿಳುನಾಡು 1989ರಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲಿ ಅದನ್ನೇ ಅನುಸರಿಸಿದವು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಪಂಚಾಯತಿಯ ಕುರ್ಚಿ ಕರ್ನಾಟಕದಿಂದ, ಆಸ್ತಿಯ ಪಾಲು ಆಂಧ್ರದಿಂದ. ಆ ಒಂದು ತಿಂಗಳ ಮತ ನಮ್ಮೆಲ್ಲರ ಮನೆಯೊಳಗೆ ಎಷ್ಟು ದೂರ ಬಂದಿದೆ ನೋಡಿ. ಅಣ್ಣತಮ್ಮಂದಿರ ಹತ್ತಿರ ಪಾಲು ಕೇಳಿದವರೆಷ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿ ಬಂದವರೆಷ್ಟು ಎಂಬ ಲೆಕ್ಕ ಬೇರೆ. ಅದನ್ನು ನಮ್ಮ ಹಳದಿ-ಕುಂಕುಮದ ಕಾರ್ಯಕ್ರಮದಲ್ಲಿ ಕೇಳಿದರೆ ಸದ್ದಿಲ್ಲದೆ ಚಕ್ಕುಲಿ ತಿನ್ನುವವರೇ ಜಾಸ್ತಿ.

ನಮ್ಮ ಊರುಗಳ ವಿಷಯಕ್ಕೆ ಬರೋಣ. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ಆದದ್ದೂ 1983ರಲ್ಲೇ, ಅಕ್ಟೋಬರಿನಲ್ಲಿ. ಆದರೆ ಮೊದಲ ಚುನಾವಣೆ ನಡೆದದ್ದು 1995ರಲ್ಲಿ. ಹನ್ನೆರಡು ವರ್ಷ ಊರನ್ನು ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು. ಕರ್ನಾಟಕದ ಹಳ್ಳಿಯಲ್ಲಿ ಹೆಬ್ಬಟ್ಟಿನ ಹೆಂಗಸು ಸಭೆಯಿಂದ ಎದ್ದು ಹೋಗಬಲ್ಲವಳಾಗಿದ್ದಾಗ, ಲೋಕಲ್ ರೈಲಿನಲ್ಲಿ ಜೋತಾಡಿ ದಿನವೂ ಕೆಲಸಕ್ಕೆ ಹೋಗುತ್ತಿದ್ದ ಡೊಂಬಿವಲಿಯ ಓದಿದ ಹೆಣ್ಣುಮಕ್ಕಳಿಗೆ ನಳ್ಳಿ ನೀರಿನ ಬಗ್ಗೆ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. 1992ರಲ್ಲಿ ಆದ ನವಿ ಮುಂಬಯಿ ಮಹಾನಗರಪಾಲಿಕೆಗೂ ಮೊದಲ ಚುನಾವಣೆ 1995ರಲ್ಲೇ. ಎರಡೂ ಕಡೆ ಹೊಸ ತಿದ್ದುಪಡಿಯ ಪ್ರಕಾರ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ. ಅದೇ ವರ್ಷ ಮಾರ್ಚಿನಲ್ಲಿ ಶಿವಸೇನೆ-ಬಿಜೆಪಿ ಮೈತ್ರಿ ವಿಧಾನಸಭೆಯಲ್ಲಿ 138 ಸ್ಥಾನದೊಂದಿಗೆ, ಪಕ್ಷೇತರರ ಬೆಂಬಲದಿಂದ ಅಧಿಕಾರಕ್ಕೆ ಬಂದು ಮನೋಹರ ಜೋಶಿ ಮುಖ್ಯಮಂತ್ರಿಯಾಗಿದ್ದರು. ಕಾಂಗ್ರೆಸ್ 80ಕ್ಕೆ ಇಳಿದಿತ್ತು. ಕರ್ನಾಟಕ 1983ರಲ್ಲಿ ಕಂಡದ್ದನ್ನು ಮಹಾರಾಷ್ಟ್ರ ಹನ್ನೆರಡು ವರ್ಷ ತಡವಾಗಿ ಕಂಡಿತು.

ಮೀಸಲಾತಿ ಬಂದ ಮೇಲೆ ಎಲ್ಲ ಸರಿಹೋಯಿತೇ? ನಿಮಗೇ ಗೊತ್ತು. ಗಣೇಶೋತ್ಸವದ ಬ್ಯಾನರಿನಲ್ಲಿ ಮೇಡಂ ಫೋಟೋ ಚಿಕ್ಕದು, ಪತಿರಾಯರ ಫೋಟೋ ದೊಡ್ಡದು. ಗಟಾರದ ದೂರು ಕೊಡಲು ಫೋನ್ ಮಾಡಿದರೆ ಎತ್ತುವವರು "ಸಾಹೇಬರು". ಆದರೆ ನಾನು ಇನ್ನೊಂದನ್ನೂ ನೋಡಿದ್ದೇನೆ. ಮೊದಲ ಅವಧಿಯಲ್ಲಿ ಗಂಡನ ಹಿಂದೆ ನಿಲ್ಲುತ್ತಿದ್ದವರು ಎರಡನೇ ಅವಧಿಯಲ್ಲಿ ಸ್ವತಃ ಸ್ಕೂಟಿ ಏರಿ ನೀರಿನ ಟ್ಯಾಂಕರಿನ ಹತ್ತಿರ ಬಂದು ನಿಂತು ಲೆಕ್ಕ ಕೇಳುತ್ತಾರೆ. ದೊಡ್ಡವ್ವನನ್ನೂ ನಿಲ್ಲಿಸಿದ್ದು ಮೈದುನನೇ. ಬಾಗಿಲ ಹತ್ತಿರದ ಜಮಖಾನೆಯಿಂದ ಮುಂದಕ್ಕೆ ಬರಲು ಎರಡು ಸಭೆ ಬೇಕಾದವು.

ಅದಕ್ಕೆ ಸಭೆ ನಡೆಯಬೇಕಲ್ಲ! ನವಿ ಮುಂಬಯಿ ಪಾಲಿಕೆಯ ಅವಧಿ 2020ರ ಮೇ ತಿಂಗಳಲ್ಲಿ, ಕಲ್ಯಾಣ-ಡೊಂಬಿವಲಿಯದು ಅದೇ ವರ್ಷದ ನವೆಂಬರಿನಲ್ಲಿ, ಠಾಣೆಯದು 2022ರ ಮಾರ್ಚಿನಲ್ಲಿ ಮುಗಿಯಿತು. ಮೊದಲು ಕೋವಿಡ್, ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ, ವಾರ್ಡುಗಳ ಗಡಿಯ ತಕರಾರು. ಚುನಾವಣೆ ವರ್ಷಗಟ್ಟಲೆ ಮುಂದೆ ಹೋಗಿ, ಮತ್ತೆ ಆಡಳಿತಗಾರರ ಕಾಲ ಬಂತು. ಅರ್ಧ ಸ್ಥಾನ ಮಹಿಳೆಯರಿಗೆ ಎಂಬ ಕಾನೂನು ಆ ಪೂರ್ತಿ ಕಾಲ ಪುಸ್ತಕದಲ್ಲಿತ್ತು, ಸಭಾಂಗಣ ಖಾಲಿಯಿತ್ತು. ನಾಲ್ಕು ಸಾಲಿನ ದೂರನ್ನು ಆ್ಯಪಿನಲ್ಲಿ ಹಾಕಿ "ಪರಿಹರಿಸಲಾಗಿದೆ" ಎಂಬ ಸಂದೇಶ ಬಂದ ಮೇಲೂ ಗುಂಡಿ ಹಾಗೇ ಇದ್ದದ್ದನ್ನು ನಮ್ಮಲ್ಲಿ ಅನುಭವಿಸದವರು ಕಡಿಮೆ. ಆ್ಯಪ್ ಬರೆಯುವುದು ನನ್ನ ವೃತ್ತಿಯೇ ಆದ್ದರಿಂದ ಹೇಳುತ್ತೇನೆ, ಅದಕ್ಕೆ ಹೆಬ್ಬಟ್ಟು ಒತ್ತುವುದಿಲ್ಲ ಎಂದು ಎದ್ದು ಹೋಗಲು ಬರುವುದಿಲ್ಲ.

ಇನ್ನು ವಿಧಾನಸಭೆ. ಸ್ಥಳೀಯ ಸಂಸ್ಥೆಗಳಿಗೆ ಮೂರು ದಶಕದ ಹಿಂದೆ ಬಂದದ್ದು ಅಲ್ಲಿಗೆ ಬರಲಿಲ್ಲ. 2023ರಲ್ಲಿ ಸಂಸತ್ತು ಒಪ್ಪಿದ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿದೆ. ಆದರೆ ಜನಗಣತಿ ನಡೆದು, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಎಂಬ ಷರತ್ತೂ ಅದರೊಳಗೇ ಇದೆ. ಅದಕ್ಕೂ ಮೊದಲಿನ ಲೆಕ್ಕ ಹೀಗಿದೆ: 2023ರ ಕರ್ನಾಟಕ ವಿಧಾನಸಭೆಯ 224ರಲ್ಲಿ ಗೆದ್ದ ಮಹಿಳೆಯರು 10. ಮಹಾರಾಷ್ಟ್ರದ 288ರಲ್ಲಿ ಮೂರನೇ ಒಂದು ಎಂದರೆ 96. 2024ರಲ್ಲಿ ಗೆದ್ದವರು 21. ಅವರಲ್ಲಿ ಇಬ್ಬರು ನಮ್ಮ ಸುತ್ತಮುತ್ತಲಿನವರೇ, ಕಲ್ಯಾಣ ಪೂರ್ವದಿಂದ ಸುಲಭಾ ಗಾಯಕವಾಡ್, ಬೇಲಾಪುರದಿಂದ ಮೂರನೇ ಬಾರಿಗೆ ಮಂದಾ ಮ್ಹಾತ್ರೆ. ಬೇಲಾಪುರದ ಗೆಲುವಿನ ಅಂತರ 377 ಮತ. ನೆರೂಳ್, ಸೀವುಡ್ಸ್ ಕಡೆ ಇರುವ ನಮ್ಮ ಸದಸ್ಯೆಯರ ದೊಡ್ಡ ಸೊಸೈಟಿಗಳಲ್ಲಿ ಒಂದೊಂದರಲ್ಲೇ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ.